ಎಡ ಭುಜದ ಬಂದೂಕು

ಕಮಲಾಪುರದಿಂದ ಅತ್ತೆಯ ಫೋನ್ ಬಂದಾಗ ನಾನು ಕಲಬುರಗಿಯ ಪತ್ರಿಕಾ ಆಫೀಸಿನಲ್ಲಿ ಜಿಲ್ಲಾ ಪುಟ ತಿದ್ದುತ್ತಿದ್ದೆ. ಅತ್ತೆ ಎಂದರೆ ನನ್ನ ತಂದೆಯ ತಂಗಿ. ಅಪ್ಪ ತೀರಿಕೊಂಡ ಮೇಲೆ ನಮ್ಮ ಕೆಂಪು ಬಾಳೆಯ ತೋಟ ನೋಡಿಕೊಳ್ಳುವವಳು ಅವಳೇ.

“ಹೆಗ್ಗಣ ಭಾಳ ಆಗ್ಯಾವ. ನೀರಿನ ಪೈಪ್ ಕಡಿಯಾಕತ್ತಾವ. ವಿಷ ಇಟ್ರ ನಾಯಿ ತಿಂದು ಸತ್ತೀತು. ಒಂದು ಛರ್ರಾ ಹೊಡಿಯೋ ಗಾಳಿ ಬಂದೂಕು ತಗೊಂಡು ಬಾ. ಸಣ್ಣದಿರಲಿ, ಹಗುರ ಇರಲಿ.”

“ಹೊಡಿಯೋರು ಯಾರು?”

“ನಾನೇ. ಗುರಿ ಇಡಾಕ ಒಂದು ಕಣ್ಣು ಮುಚ್ಚಬೇಕಲ್ಲ? ನಂದು ಮುಚ್ಚೇ ಅದ.”

ಆಕೆ ನಕ್ಕಳು. ನಾನು ನಗಲಿಲ್ಲ. ಆಕೆಯ ಬಲಗಣ್ಣು ಹೋದದ್ದು ನನ್ನ ಕೈಯಿಂದ.

ಆಗ ನಾನು ಪಿಯುಸಿ ಮುಗಿಸಿದ್ದೆ. ಮನೆಯಲ್ಲಿ ಅಪ್ಪನ ಹಳೆಯ ಗಾಳಿ ಬಂದೂಕಿತ್ತು. ಬಾಳೆಯ ಸಾಲುಗಳಲ್ಲಿ ಎರಡು ಮಾರು ದೂರದ ಮನುಷ್ಯನೂ ಕಾಣುವುದಿಲ್ಲ. ಅದಕ್ಕೇ ಅಪ್ಪ ಒಂದು ಕಟ್ಟಳೆ ಮಾಡಿದ್ದ. ಬಂದೂಕಿನ ಕುದುರೆ ಎಳೆಯುವ ಮೊದಲು “ಒಳಗ ಯಾರದೀರಿ?” ಎಂದು ಕೂಗಬೇಕು. ಒಳಗಿರುವ ಪ್ರತಿಯೊಬ್ಬರೂ ತಮ್ಮ ಜಾಗದಿಂದ “ಓ” ಅನ್ನಬೇಕು. ಎಲ್ಲ ‘ಓ’ ಎಣಿಸಿಕೊಂಡ ಮೇಲೆಯೇ ಗುಂಡು.

ಆ ಬೆಳಿಗ್ಗೆ ಒಳಗಿದ್ದವರು ಇಬ್ಬರು, ಅಪ್ಪ ಮತ್ತು ಅತ್ತೆ. ನಾನು ಕೂಗಿದೆ. ಅಪ್ಪನ ‘ಓ’ ಬಂತು. ಹೆಗ್ಗಣ ಪೈಪಿನ ಪಕ್ಕದಲ್ಲೇ ಇತ್ತು, ಇನ್ನೇನು ಓಡುವುದರಲ್ಲಿತ್ತು. ನಾನು ಹೊಡೆದೆ. ಅದರ ಹಿಂದೆ, ಎರಡು ಸಾಲು ಆಚೆ, ಅತ್ತೆ ಕುಕ್ಕರಗಾಲಲ್ಲಿ ಕೂತು ಬಾಳೆಯ ಬುಡದ ಮರಿಕಂದು ಕೀಳುತ್ತಿದ್ದಳು.

ಅಪ್ಪ ಕೇಳಿದಾಗ ನಾನು ಹೇಳಿದ್ದು ಒಂದೇ ವಾಕ್ಯ: “ಓ ಅಂದ್ಲು, ನಾ ಕೇಳೀನಿ.” ಆಸ್ಪತ್ರೆಯಲ್ಲಿ ಅಪ್ಪ ಬ್ಯಾಂಡೇಜು ಕಟ್ಟಿದ ತಂಗಿಯನ್ನೇ ಬೈದ. “ಓ ಅಂದ ಮ್ಯಾಲ ಜಾಗಾ ಬಿಟ್ಟು ಯಾಕ ಸರದಿ?” ಆಕೆ ಉಳಿದ ಒಂದು ಕಣ್ಣಿನಿಂದ ನನ್ನನ್ನೇ ನೋಡಿದಳು. ಮನೆಯಲ್ಲಿ ಅದೇ ನಿಜವಾಗಿ ಉಳಿಯಿತು. ಅಪ್ಪ ಅದನ್ನು ನಂಬಿಕೊಂಡೇ ಹೋದ.

ಮುಂದೆ ನಾನು ಪತ್ರಿಕೆಗೆ ಸೇರಿದೆ. ಕನಿಷ್ಠ ಇಬ್ಬರು ಹೇಳದ ಮಾತನ್ನು ಅಚ್ಚಿಗೆ ಬಿಟ್ಟವನಲ್ಲ. “ಎನ್ನಲಾಗಿದೆ” ಎಂದು ಬರೆದ ವರದಿಗಾರರನ್ನು ಯಾರು ಎಂದರು ಎಂದು ಕೇಳಿ ವಾಪಸ್ ಕಳಿಸಿದ್ದೇನೆ. ಪುಟ ಕಳಿಸಿ ಒಬ್ಬನೇ ಕೂತಾಗ ಆ ಬೆಳಗಿನ ಕೂಗು ಕೇಳುತ್ತದೆ. ನನ್ನದು, ಅಪ್ಪನದು. ಆಮೇಲೆ ಏನೂ ಇಲ್ಲ.

ಜಗತ್ ಸರ್ಕಲ್ ಹತ್ತಿರದ ಬಂದೂಕಿನ ಅಂಗಡಿಯವನು ಲೈಸೆನ್ಸ್ ಬೇಡದ ಗಾಳಿ ಬಂದೂಕುಗಳನ್ನು ಗಾಜಿನ ಮೇಜಿನ ಮೇಲೆ ಸಾಲಾಗಿ ಇಟ್ಟ. ಉದ್ದನೆಯದನ್ನು ಮೊದಲೇ ಪಕ್ಕಕ್ಕಿಟ್ಟೆ, ಬಾಳೆ ಎಲೆಗೆ ನಳಿಕೆ ಸಿಗುತ್ತದೆ. ಇನ್ನೊಂದರ ನಳಿಕೆ ಮಡಚಿ ಸ್ಪ್ರಿಂಗ್ ಎಳೆಯಲು ನನಗೇ ಕಷ್ಟವಾಯಿತು.

“ಪಾಯಿಂಟ್ ಟೂ ಟೂ ತಗೋರಿ ಸಾಬ್, ಹೆಗ್ಗಣಕ್ಕ ಅದೇ ಬರೋಬ್ಬರ್. ಸಣ್ಣ ಛರ್ರಾ ತಗೊಂಡ್ರ ಬರೇ ಗಾಯ ಆಗಿ ಬಿಲದಾಗ ಹೋಗಿ ಸಾಯ್ತದ.”

ಅವನು ತೋರಿಸಿದ ಗಿಡ್ಡ ಬಂದೂಕನ್ನು ಎಡ ಭುಜಕ್ಕೆ ಆನಿಸಿದೆ. ಮರದ ಹಿಡಿಯ ಉಬ್ಬು ಕೆನ್ನೆಗೆ ಕೂಡಲಿಲ್ಲ.

“ಎಡಗೈಯವ್ರೇನ್ರಿ?”

“ನನಗಲ್ಲ. ಹೊಡಿಯೋರಿಗೆ ಬಲಗಣ್ಣಿಲ್ಲ.”

ಅವನು ನನ್ನ ಮುಖ ನೋಡಿ ಒಳಗೆ ಹೋಗಿ ಇನ್ನೊಂದು ತಂದ. ಅದರ ಹಿಡಿ ಎರಡೂ ಬದಿಗೆ ಒಂದೇ ಸಮ ಇತ್ತು. ಸುರಕ್ಷತಾ ಕೀಲಿ ಹಿಂಬದಿಯ ನಡುವೆ, ಯಾವ ಕೈಯ ಹೆಬ್ಬೆರಳಿಗಾದರೂ ಸಿಗುವಂತಿತ್ತು. ಸ್ಪ್ರಿಂಗ್ ಮೆತ್ತಗಿತ್ತು. ನಾನು ಬಲಗಣ್ಣು ಮುಚ್ಚಿ, ಎಡಗಣ್ಣಿನಿಂದ ಎದುರಿನ ಗೋಡೆಗೆ ಗುರಿ ಇಟ್ಟೆ. ಅರ್ಧ ಅಂಗಡಿ ಮಾಯವಾಯಿತು. ಆಕೆ ಇಷ್ಟು ವರ್ಷ ಕಂಡದ್ದು ಇಷ್ಟೇ. ಬೇಗ ಕೆಳಗಿಟ್ಟು, ಇದೇ ಕೊಡಿ ಎಂದೆ.

ಮರುದಿನ ಬೆಳಿಗ್ಗೆ ತೋಟದ ಬದುವಿನ ಮೇಲೆ ಅತ್ತೆ ಬಂದೂಕನ್ನು ತಿರುಗಿಸಿ ನೋಡಿದಳು. ಕೇಳದೆಯೇ ಎಡ ಭುಜಕ್ಕೆ ಏರಿಸಿದಳು.

“ಚಲೋ ಆರಿಸಿದಿ ಅಳಿಯಾ. ಎಡಕ್ಕ ಕೂಡತದ.”

“ಅತ್ತಿ, ಅವತ್ತು ನೀ ಓ ಅಂದಿರಲಿಲ್ಲ. ನಾ ಸುಳ್ಳ ಹೇಳಿದ್ದೆ.”

ಆಕೆ ಬಂದೂಕು ಇಳಿಸಲಿಲ್ಲ. ದೂರದ ತೆಂಗಿಗೆ ಗುರಿ ಇಟ್ಟುಕೊಂಡೇ ಇದ್ದಳು.

“ನನಗ ಗೊತ್ತಿಲ್ಲೇನು? ಬಾಯಿ ತುಂಬ ಎಲಿ ಅಡಿಕಿ ಇತ್ತು. ಉಗುಳಿ ಓ ಅನ್ನೂದ್ರಾಗ ನೀ ಗುಂಡು ಬಿಟ್ಟಿ.”

“ಮತ್ತ ಅಪ್ಪ ಬೈದಾಗ ಯಾಕ ಸುಮ್ಮನಿದ್ದಿ?”

“ನೀ ಹೇಳ್ತಿಯೇನಂತ ನೋಡಿದೆ. ನಿಮ್ಮಪ್ಪನ ಮಣ್ಣು ಮಾಡಿದ ದಿನಾನೂ ನೋಡಿದೆ,” ಎಂದಳು.

ಆಮೇಲೆ ಒಂದು ಛರ್ರಾ ಹಾಕಿಕೊಂಡು, ಮೂಲೆಯ ಪೈಪು ಸೋರುತ್ತಿದೆಯೇ ನೋಡಿ ಬಾ ಎಂದು ನನ್ನನ್ನು ಒಳಗೆ ಕಳಿಸಿದಳು. ನಾಲ್ಕನೇ ಸಾಲಿನಲ್ಲಿ ಕುಕ್ಕರಗಾಲಲ್ಲಿ ಕೂತೆ. ಸುತ್ತಲೂ ಎಲೆ. ಪೈಪಿನ ಮೇಲೆ ಹೊಸ ಹಲ್ಲಿನ ಗುರುತು.

“ಒಳಗ ಯಾರದೀರಿ?”

ಅಪ್ಪನ ರಾಗದಲ್ಲೇ ಕೂಗಿದಳು. ನಾನು ಬಾಯಿ ತೆರೆದೆ. ದನಿ ಬರಲಿಲ್ಲ. ನನ್ನ ಎದುರಿನ ಬುಡದಲ್ಲಿ ಏನೋ ಸರಿದಾಡಿತು. ಆಕೆಗೂ ಅದು ಕಂಡಿರಬೇಕು.

ಗುಂಡು ಬರಲಿಲ್ಲ.

“ಒಳಗ ಯಾರದೀರಿ?”

ಎಲೆಯಿಂದ ಹನಿ ಬೀಳುವುದು ಕೇಳುತ್ತಿತ್ತು. ಆಕೆ ಕಾದಳು.

“ಓ,” ಎಂದೆ.

“ಹೊರಗ ಬಾ ಹಂಗಾರ.”

ಹೊರಗೆ ಬಂದಾಗ ಅತ್ತೆ ನಳಿಕೆಯನ್ನು ನೆಲಕ್ಕೆ ತಿರುಗಿಸಿ ನಿಂತಿದ್ದಳು. ಹೆಗ್ಗಣ ಹೋಗಿಬಿಟ್ಟಿತ್ತು.