ಪೆನ್ಸಿಲಿನಲ್ಲಿ ಬರೆದ ರೋಟಾ

ನಮ್ಮ ವಿಭಾಗದ ಮುಖ್ಯಸ್ಥೆ ಮೇಡಂ ಅವರ ಎಡಗೈ ಕಿರುಬೆರಳಿನ ಅಂಚಿಗೆ ಸದಾ ಪೆನ್ಸಿಲಿನ ಬೂದು ಮೆತ್ತಿಕೊಂಡಿರುತ್ತಿತ್ತು. ಬರ್ಮಿಂಗ್‌ಹ್ಯಾಮಿನ ಆ ಆಸ್ಪತ್ರೆಯಲ್ಲಿ ಬೇರೆ ವಿಭಾಗಗಳ ರೋಟಾ, ಅಂದರೆ ಪಾಳಿಪಟ್ಟಿ, ಕಂಪ್ಯೂಟರಿನಿಂದ ಅಚ್ಚಾಗಿ ಬರುತ್ತಿದ್ದ ಕಾಲದಲ್ಲೂ ನಮ್ಮ ಪಾಳಿಗಳನ್ನು ಅವರು ಕೈಯಲ್ಲೇ ಬರೆಯುತ್ತಿದ್ದರು. ಎಲ್ಲರೂ ತಪ್ಪಿಸಿಕೊಳ್ಳಲು ನೋಡುವ ಕ್ರಿಸ್‌ಮಸ್ ದಿನದ ಪಾಳಿಗೆ ಮೊದಲು ಬರೆಯುತ್ತಿದ್ದುದು ತಮ್ಮದೇ ಹೆಸರು.

ಇದು ನೆನಪೋ, ಹೇಳಿ ಹೇಳಿ ನಾನೇ ನಯಗೊಳಿಸಿದ್ದೋ? ಬೆರಳಿನ ಬೂದು ಮಾತ್ರ ಖಚಿತ.

ನಾನು ಮೈಸೂರಿನಿಂದ ಹೋದ ಕಿರಿಯ ವೈದ್ಯ. ಹಿಂದಿನ ಆಸ್ಪತ್ರೆಯ ಹಿರಿಯರು ವಾರ್ಡಿನ ನಡುವೆ ನಿಲ್ಲಿಸಿ ಬೈಯುತ್ತಿದ್ದರು. ಅಲ್ಲಿ ಕಲಿತದ್ದು ಒಂದೇ: ಯಾರು ತಮ್ಮ ಪಾಳಿ ಮಾಡಿಕೊಡಲು ಕೇಳಿದರೂ ಒಪ್ಪಿಕೊಳ್ಳುವುದು. ಇಲ್ಲೂ ಒಪ್ಪಿಕೊಂಡೆ. ಹನ್ನೊಂದು ದಿನ ಬಿಡುವಿಲ್ಲದೆ ದುಡಿದು, ಹನ್ನೆರಡನೆಯ ಬೆಳಿಗ್ಗೆ ಒಬ್ಬ ವೃದ್ಧರಿಗೆ ಔಷಧಿಯನ್ನು ಹತ್ತು ಪಟ್ಟು ಬರೆದೆ. ನರ್ಸ್ ಕಂಡು ತಡೆದಳು. ನಾನು ರಾಜೀನಾಮೆ ಬರೆದುಕೊಂಡು ಮೇಡಂ ಕೋಣೆಗೆ ಹೋದೆ.

ಅವರು ಪತ್ರ ಓದಲಿಲ್ಲ. ರೋಟಾ ತೆಗೆದು ನನ್ನ ಹೆಸರು ಎಷ್ಟು ಸಲ ಬಂದಿದೆ ಎಂದು ನೋಡಿದರು. ನನ್ನೊಡನೆ ಬೆಂಗಳೂರಿನ ಕನ್ನಡ ಆಡುತ್ತಿದ್ದ ಅವರಿಗೆ ಸಿಟ್ಟು ಬಂದರೆ ಧಾರವಾಡ ಹೊರಬರುತ್ತಿತ್ತು.

"ಏನ್ರೀ ಡಾಕ್ಟ್ರ, ದೇವರು ನಿಮಗ ಎರಡು ಮೈ ಕೊಟ್ಟಾನೇನು?"

"ಎಲ್ರೂ ಕೇಳಿದ್ರು ಮೇಡಂ. ಪರವಾಗಿಲ್ಲ ಅಂದೆ."

"ಆ ಮಾತು ನನ್ನ ವಾರ್ಡಿನ್ಯಾಗ ಬ್ಯಾಡ. ಯಾರರ ಹಂಗ ಅಂದ್ರ ನಂಬಲೂ ಬ್ಯಾಡ್ರಿ. ತಪ್ಪು ಮಾಡಿದ್ದು ನೀವು, ಅದನ್ನ ಬರದು ಕೊಡ್ರಿ. ಇದನ್ನ ನೋಡದ ಕೂತಾಕಿ ನಾನು. ಅದನ್ನ ನಾ ಬರೀತೀನಿ."

ಮುಂದಿನ ಮೂರು ದಿನಗಳಿಂದ ನನ್ನ ಹೆಸರು ಅಳಿಸಿ ತಮ್ಮದು ಬರೆದರು. ರಬ್ಬರಿನ ಪುಡಿಯನ್ನು ನನ್ನ ಪತ್ರದ ಮೇಲೆ ಕೊಡವಿ, ಮಡಿಸಿ, ಕಸದ ಬುಟ್ಟಿಗೆ ಹಾಕಿದರು.

"ನಿದ್ದಿ ಮಾಡಿ ಬರ್ರಿ. ಆಮ್ಯಾಲೂ ಬಿಡಬೇಕು ಅನಿಸಿದ್ರ ಹೊಸಾದು ಬರೀರಿ."

ಬರೆಯಲಿಲ್ಲ.

ವರ್ಷಗಳ ನಂತರ, ನಿವೃತ್ತರಾಗಿ ಬರ್ಮಿಂಗ್‌ಹ್ಯಾಮಿನದೇ ಬಡಾವಣೆ ಹಾರ್ಬೋರ್ನಿನಲ್ಲಿದ್ದ ಅವರಿಗೆ ಕಾಯಿಲೆ ಎಂದು ಕೇಳಿ ಲೀಡ್ಸಿನಿಂದ ಫೋನ್ ಮಾಡಿದೆ. ಆಗ ಅಲ್ಲಿನ ಆಸ್ಪತ್ರೆಯಲ್ಲಿ ನಾನೂ ರೋಟಾ ಬರೆಯುವವನಾಗಿದ್ದೆ, ಪೆನ್ಸಿಲಿನಲ್ಲೇ.

"ಶನಿವಾರ ಬರ್ಲಾ ಮೇಡಂ?"

"ನಿಮ್ಮ ಪಾಳಿ ಇಲ್ಲೇನು?"

"ಇದೆ. ಬದಲಾಯಿಸ್ಕೋತೀನಿ."

"ಬ್ಯಾಡ. ಪರವಾಗಿಲ್ರಿ, ಆರಾಮ ಅದೀನಿ."

ನಾನು ನಂಬಿದೆ. ಶನಿವಾರ ಕೆಲಸಕ್ಕೆ ಹೋದೆ. ಭಾನುವಾರ ಅವರು ತೀರಿಕೊಂಡರು.

ಕಸದ ಬುಟ್ಟಿಯ ಕತೆಯನ್ನು ಕಿರಿಯರಿಗೆಲ್ಲ ಹೇಳುತ್ತೇನೆ. ಹೇಳಿದಷ್ಟೂ ಅದು ಚೆಂದವಾಗುತ್ತದೆ. ಈ ಫೋನಿನ ಮಾತನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ. ಹಾಗಾಗಿ ಅದು ನಡೆದಂತೆಯೇ ಇದೆ.