ಎರಡು ಸಹಿಗಳ ನಡುವೆ ಮೂರನೆಯ ಅಧ್ಯಾಯ

ಪುಣೆಯಲ್ಲಿ ಪಿಎಚ್‌.ಡಿ. ಮಾಡುವಾಗ ನನಗೆ ಇಬ್ಬರು ಗೈಡುಗಳು. ಒಬ್ಬರು ಅರ್ಥಶಾಸ್ತ್ರದವರು, ಧಾರವಾಡದ ಕಡೆಯವರು. ಮನುಷ್ಯ ಏನು ಮಾಡಿದರೂ ತನ್ನ ಲಾಭ ನೋಡಿಕೊಂಡೇ ಆಯ್ದುಕೊಳ್ಳುತ್ತಾನೆ ಎಂದು ನಂಬಿದವರು. ಇನ್ನೊಬ್ಬರು ತತ್ತ್ವಶಾಸ್ತ್ರದ ಮರಾಠಿ ಮೇಡಂ; ಬಡವರಿಗೆ ಆಯ್ಕೆ ಎಂಬುದೇ ಇಲ್ಲ, ಇರುವುದು ಬರೀ ಒತ್ತಾಯ ಎನ್ನುವ ಪಂಥದವರು. ಕೂಲಿಯವರ ಸ್ವಾತಂತ್ರ್ಯದ ಬಗ್ಗೆ ಈ ಎರಡು ಪಂಥಗಳ ವಾದವೇ ನನ್ನ ವಿಷಯ. ಪ್ರತಿ ಅಧ್ಯಾಯಕ್ಕೂ ಇಬ್ಬರ ಸಹಿ ಬೇಕಿತ್ತು.

ಮೂರನೆಯ ಅಧ್ಯಾಯದಲ್ಲಿ ಸಿಕ್ಕಿಹಾಕಿಕೊಂಡೆ. ಪುಣೆಯ ಕೊಂಢವಾ ಬಡಾವಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹೆಂಗಸೊಬ್ಬಳು, ಊರಾಚೆ ರಾಂಜಣಗಾಂವದ ಫ್ಯಾಕ್ಟರಿಯಲ್ಲಿ ಹೆಚ್ಚು ಪಗಾರ ಸಿಗುತ್ತಿದ್ದರೂ ಹೋಗಿರಲಿಲ್ಲ. ಸರ್ ಅದನ್ನು ‘ಆಯ್ಕೆ’ ಎಂದು ತಿದ್ದಿದರು. ಮೇಡಂ ಅದನ್ನು ಹೊಡೆದುಹಾಕಿ ‘ಒತ್ತಾಯ’ ಎಂದು ಬರೆದರು. ನಾಲ್ಕು ಸಲ ಹೀಗೇ ಆಯಿತು. ಇಬ್ಬರ ನಡುವೆ ಮಾತಿರಲಿಲ್ಲ, ನನ್ನ ಹಾಳೆಗಳ ಅಂಚಿನಲ್ಲೇ ಅವರ ಜಗಳ. ಐದನೆಯ ವರ್ಷ ನಡೆಯುತ್ತಿತ್ತು. ವಿಭಾಗಕ್ಕೆ ಹೋಗುವುದನ್ನೇ ದಿನದಿಂದ ದಿನಕ್ಕೆ ಮುಂದೂಡುತ್ತಿದ್ದೆ.

ಅವಳನ್ನೇ ಕೇಳೋಣವೆಂದು ಮತ್ತೆ ಕೊಂಢವಾಕ್ಕೆ ಹೋದೆ. ಊಟದ ಹೊತ್ತು. ಗೋಡೆಯ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದಳು.

“ಅಕ್ಕಾ, ಇಲ್ಲೇ ಉಳದದ್ದು ಮನಸಿದ್ದು ಏನು, ಬ್ಯಾರೆ ದಾರಿ ಇಲ್ಲದಕ್ಕೇನು?”

“ಎರಡೂ ಹೌದ್ರಿ ಬಾಯಾರ. ಆ ಫ್ಯಾಕ್ಟರ್ಯಾಗ ಬಾಯಿ ಬಿಡಂಗಿಲ್ಲಂತ. ಇಲ್ಲಿ ನಮ್ಮೂರ ಹೆಣಮಕ್ಕಳು ಅದಾರ, ನಕ್ಕೋತ ಇಟ್ಟಂಗಿ ಹೊರ್ತೀವಿ. ಅಷ್ಟೂ ಇಲ್ಲಂದ್ರ ಹೆಂಗ್ರಿ?” ನನ್ನ ಮುಖ ನೋಡಿ ಕೇಳಿದಳು, “ನೀವ್ಯಾಕ ಭಾಳ ಸೊರಗೀರಿ? ಆ ಓದು ಬಿಡ್ಲಿಕ್ಕಾಗಂಗಿಲ್ಲೇನು?”

“ಐದು ವರ್ಷ ಆತು. ಈಗ ಹೆಂಗ ಬಿಡ್ಲಿ?” ಎಂದೆ. ಹಾಗೆ ಹೇಳಿದ ಮೇಲೆ, ನನ್ನದು ಆಯ್ಕೆಯೋ ಒತ್ತಾಯವೋ ನನಗೇ ತಿಳಿಯಲಿಲ್ಲ.

ಅವಳ ಮಾತನ್ನು ಇದ್ದಂತೆಯೇ ಬರೆದೆ. ಕಾಡಿ ಬೇಡಿ ಇಬ್ಬರನ್ನೂ ಒಂದು ಕೋಣೆಯಲ್ಲಿ ಕೂರಿಸಿದೆ.

ಸರ್ ಓದಿ, “ಇದು ಸಿದ್ಧಾಂತ ಅಲ್ರಿ, ಬರೇ ಮಾತು. ತಗದುಬಿಡ್ರಿ,” ಎಂದರು. ಇಂಗ್ಲಿಷಿನಲ್ಲೂ ಅದನ್ನೇ ಹೇಳಿದರು. ಮೇಡಂ ಹೌದೆಂದು ತಲೆಯಾಡಿಸಿದರು. ಅವರಿಬ್ಬರೂ ಒಪ್ಪಿಕೊಂಡದ್ದನ್ನು ನಾನು ಕಂಡದ್ದು ಅದೊಂದೇ ಸಲ.

ತೆಗೆದೆ. ಒಂದು ಪ್ಯಾರಾದಲ್ಲಿ ಸರ್ ಹೇಳುವ ಆಯ್ಕೆ, ಮುಂದಿನದರಲ್ಲಿ ಮೇಡಂ ಹೇಳುವ ಒತ್ತಾಯ. ಎರಡೂ ಸಹಿಗಳು ಅದೇ ವಾರ ಬಿದ್ದವು.

ಡಿಗ್ರಿ ಬಂದಾಗ ಅವ್ವ ಆ ದಪ್ಪ ಪುಸ್ತಕ ಬಿಡಿಸಿ, “ಇದರಾಗ ನೀ ಏನು ಹೇಳೀದಿ?” ಎಂದು ಕೇಳಿದಳು. ಸರ್ ಏನು ಹೇಳುತ್ತಾರೆ, ಮೇಡಂ ಏನು ಹೇಳುತ್ತಾರೆ ಎಂದು ವಿವರಿಸಿದೆ. ಅವ್ವ ಇನ್ನೂ ಕಾಯುತ್ತಿದ್ದಳು.