ಶಾಸಕರ ಪತ್ರಕ್ಕೆ ಕುಂಕುಮ

ನಾನು ನಾಲ್ಕನೇ ಇಯತ್ತೆ ಓದುವಾಗಿನ ಮಾತು. ಎಲೆಕ್ಷನ್ ಬಂತೆಂದರೆ ಪ್ರಚಾರದ ಜೀಪಿನ ಹಿಂದೆ ಓಡಿ ಪಕ್ಷದ ಬಿಲ್ಲೆ ಆರಿಸುವುದೇ ನಮ್ಮ ಆಟ. ಆ ಸಲ ನಿಂತವರೊಬ್ಬರು ನಮ್ಮ ಕಟ್ಟೆಯ ಮೇಲೆ ಕೂತು ಚುರುಮುರಿ, ಮಿರ್ಚಿ ತಿಂದು, "ತಂಗೆವ್ವಾ, ಮಿರ್ಚಿ ಭಾಳ ಛಲೋ ಆಗ್ಯಾವ" ಎಂದು ಅವ್ವನನ್ನು ಹೊಗಳಿದ್ದರು. ಗೆದ್ದು ಶಾಸಕರಾದರು.

ನಮ್ಮೂರ ಶಾಲೆ ಏಳರ ತನಕ. ನನ್ನಕ್ಕ ಶಾಂತಾ ಏಳು ಮುಗಿಸಿದ್ದಳು. ಲೆಕ್ಕದಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ. ಹೈಸ್ಕೂಲಿಗೆ ತಾಲೂಕಿನ ಹಾಸ್ಟೆಲ್ ಸೀಟು ಬೇಕು. ಅಪ್ಪ ಶಾಸಕರ ಹತ್ತಿರ ಹೋದ. ಅವರ ಕಿಸೆಯಲ್ಲಿ ಎರಡು ಪೆನ್ನು. ಒಂದನ್ನು ತೆಗೆದು ಪತ್ರ ಬರೆದುಕೊಟ್ಟರು. "ಚಿಂತಿ ಬಿಡು, ಆತು ಅಂತ ತಿಳಕೋ!"

ಅವ್ವ ಆ ಪತ್ರವನ್ನು ದೇವರ ಜಗಲಿಯ ಮೇಲಿಟ್ಟು, ಕುಂಕುಮ ಹಚ್ಚಿ, ಗೋಧಿ ಹುಗ್ಗಿ ಮಾಡಿದಳು. ಮನೆಯೆಲ್ಲ ಬೆಲ್ಲ, ಯಾಲಕ್ಕಿಯ ವಾಸನೆ. ಅಕ್ಕನನ್ನು ತಮ್ಮ ಮನೆಯಲ್ಲೇ ಇಟ್ಟುಕೊಳ್ಳುತ್ತೇನೆಂದಿದ್ದ ತಾಲೂಕಿನ ಹೈಸ್ಕೂಲಿನಲ್ಲಿ ಕಲಿಸುವ ಅಕ್ಕೋರಿಗೆ, "ಇನ್ನ ಬ್ಯಾಡ್ರಿ, ಸಾಹೇಬ್ರು ಲೆಟರ್ ಕೊಟ್ಟಾರ" ಎಂದು ಅಪ್ಪ ಹೇಳಿ ಬಂದ. ಅವರು ಬೇರೊಬ್ಬ ಹುಡುಗಿಯನ್ನು ಇಟ್ಟುಕೊಂಡರು.

ಹಾಸ್ಟೆಲಿನ ಕ್ಲಾರ್ಕ್ ಪತ್ರ ನೋಡಿ ಮರುಗಿದ. "ಯಜಮಾನ್ರ, ಹಸಿರು ಇಂಕಿನ್ಯಾಗ ಬರದ್ರ ಕೆಲಸ ಮಾಡ್ಬೇಕು, ನೀಲಿ ಇದ್ರ ಸುಮ್ಮನ ಬಿಡ್ಬೇಕು ಅಂತ ಸಾಹೇಬ್ರು ಮದ್ಲೇ ಹೇಳ್ಯಾರ್ರಿ. ಇದು ನೀಲಿ ಐತಿ."

ಥೂ ಅವನ! ಆಗೂದಿಲ್ಲ ಅಂತ ಶಾಸಕರು ಎದುರಿಗೇ ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು? ಅಕ್ಕ ಶಾಲೆ ಬಿಟ್ಟಳು, ಅವಳ ಪಾಟಿಚೀಲ ನನಗೆ ಬಂತು. ಒಲೆಯ ಮುಂದೆ ಇದ್ದಿಲಲ್ಲಿ ಬರೆದು ಭಿನ್ನರಾಶಿ ಕಲಿಸಿದವಳು ಅವಳೇ. ನನ್ನ ಹೊತ್ತಿಗೆ ಊರಿಗೇ ಹೈಸ್ಕೂಲು ಬಂದಿತ್ತು. ಅದರ ಮೇಲೆ ನಾನು ಎಂಜಿನಿಯರ್ ಆದೆ, ಜರ್ಮನಿಯ ಹ್ಯಾನೋವರಿಗೆ ಬಂದೆ.

ಶಾಸಕರೂ ಬೆಳೆದರು. ನಾಲ್ಕು ಸಲ ಗೆದ್ದು, ಮೂರು ಪಕ್ಷ ತಿರುಗಿ, ಹೆಂಡತಿಯ ಹೆಸರಲ್ಲಿ ಕಾಲೇಜು ಕಟ್ಟಿದರು. ಹೋದ ವಾರ ಇಲ್ಲಿಗೂ ಬಂದಿದ್ದರು, ಜರ್ಮನಿಯಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಹೇಗಿದೆ ಎಂದು ಅಧ್ಯಯನ ಮಾಡಲು! ನಮ್ಮ ಕನ್ನಡದವರು ಹಾಲ್ ಹಿಡಿದು ಶಾಲು ಹೊದಿಸಿದರು. ನನ್ನ ಊರು ಕೇಳಿದ್ದೇ ತಡ, "ನೋಡ್ರಿ, ನಮ್ಮ ಕ್ಷೇತ್ರದ ಹುಡುಗಿ!" ಎಂದು ಎಲ್ಲರಿಗೂ ತೋರಿಸಿದರು. ಚಪ್ಪಾಳೆ ಬಿತ್ತು. ನನಗೆ ಮೈ ಉರಿಯಿತು.

"ನಮ್ಮಕ್ಕ ನನಗಿಂತ ಶಾಣ್ಯಾ ಇದ್ಲ್ರಿ," ಎಂದೆ.

"ಹೌದಾ? ಆಕಿನೂ ಇಲ್ಲೇ ಅದಾಳೇನವ್ವಾ?"

"ಇಲ್ರಿ. ಆಕಿ ಶಾಲಿ ನೀವು ಬಿಡಿಸಿದ್ರಿ."

ಅವರಿಗೆ ನೆನಪೂ ಆಗಲಿಲ್ಲ. ಶಾಲು ಸರಿಮಾಡಿಕೊಂಡು ಫೋಟೋದವನ ಕಡೆ ತಿರುಗಿದರು.

ಅಕ್ಕನಿಗೀಗ ಐವತ್ತು ದಾಟಿದೆ. ಎಷ್ಟು ಓದೀರಿ ಎಂದು ಯಾರಾದರೂ ಕೇಳಿದರೆ ಇವತ್ತಿಗೂ ನನ್ನ ಹೆಸರನ್ನೇ ಮುಂದೆ ಮಾಡಿ, "ನಮ್ಮ ತಂಗಿ ಎಂಜಿನಿಯರ್ ಅದಾಳ್ರಿ" ಎನ್ನುತ್ತಾಳೆ. ತನ್ನದು ಹೇಳುವುದೇ ಇಲ್ಲ.